ನೋವಿನ ಗುಳಿಗೆಯೂ ಶಕ್ತಿಯ ಗುಳಿಗೆಯೂ

ಮೈಕೈ ನೋವಿಗೆ ಆಸ್ಪಿರಿನ್, ಶಕ್ತಿಗೆಂದು ‘ಇ’ ಜೀವಸತ್ವ: ದಿನವಿಡೀ ನಿಂತೇ ದುಡಿಯುವ ನಮ್ಮ ಹೋಟೆಲು ಬಂಧುಗಳಲ್ಲಿ ಇವೆರಡನ್ನೂ ವೈದ್ಯರನ್ನು ಕೇಳದೆ ನುಂಗುವವರುಂಟು. ಆಸ್ಪಿರಿನ್ ರಕ್ತವನ್ನು ಹೆಪ್ಪುಗಟ್ಟಿಸುವ ಕಣಗಳ ಶಕ್ತಿಯನ್ನು ಕುಂದಿಸುತ್ತದೆ. ಆ ಪರಿಣಾಮವು 7ರಿಂದ 10 ದಿನಗಳವರೆಗೆ ಉಳಿಯಬಲ್ಲದು. ಅಧಿಕ ಪ್ರಮಾಣದ ‘ಇ’ ಜೀವಸತ್ವವೂ ಹೆಪ್ಪುಗಟ್ಟುವಿಕೆಯನ್ನು ತಡೆಯಬಲ್ಲುದಾದುದರಿಂದ, ಎರಡೂ ಕೂಡಿದಲ್ಲಿ ರಕ್ತಸ್ರಾವದ ಭಯ ಹೆಚ್ಚು. ಆದರೂ ಹಲ್ಲು ಕೀಳಿಸುವ ಮುನ್ನ ವೈದ್ಯರು ಔಷಧಗಳ ವಿಚಾರ ಕೇಳಿದರೆ, ಅನೇಕರು ಜೀವಸತ್ವದ ಮಾತನ್ನೇ ಎತ್ತರು. ಚೀಟಿಯಿಲ್ಲದೆ ದೊರೆತ ಮಾತ್ರಕ್ಕೆ ಯಾವ ಗುಳಿಗೆಯೂ ನಿರಪಾಯವೆನಿಸದು. ಹೃದ್ರೋಗಕ್ಕೆಂದು ವೈದ್ಯರೇ ವಿಧಿಸಿದ ಆಸ್ಪಿರಿನ್ನನ್ನು ತಾವಾಗಿ ನಿಲ್ಲಿಸುವುದೂ ಅಷ್ಟೇ ಅವಿವೇಕ. ನುಂಗುವುದೆಲ್ಲವನ್ನೂ ವೈದ್ಯರ ಮುಂದೆ ಬಿಚ್ಚಿ ಹೇಳಿರಿ. ಊರು ಬಿಟ್ಟು ದುಡಿಯುವವನಿಗೆ ದೇಹವೇ ಬಂಡವಾಳ. ಅದರ ಲೆಕ್ಕದಲ್ಲಿ ಮುಚ್ಚುಮರೆ ಸಲ್ಲದು.