ಮಗಳ ಇಚ್ಛೆಯು ಯಾರದು?

ಕಳೆದ ಬೇಸಗೆಯ ರಜೆಗೆ ಮುಂಚೆ ಪೋಷಕರೊಬ್ಬರು ನಮ್ಮ ಕೊಠಡಿಗೆ ಬಂದು, ಒಂಬತ್ತನೆಯ ತರಗತಿಗೆ ತೇರ್ಗಡೆಯಾಗಿದ್ದ ತಮ್ಮ ಮಗಳ ವರ್ಗಾವಣೆ ಪತ್ರವನ್ನು ಕೇಳಿದರು. ಬೇರೆ ಯಾವ ಶಾಲೆಗೆ ಸೇರಿಸುವಿರೆಂದು ವಿಚಾರಿಸಲಾಗಿ, ಯಾವ ಶಾಲೆಗೂ ಇಲ್ಲ, ಓದಿದ್ದು ಸಾಕೆಂದರು. ಕಾರಣ ಕೇಳಿದುದಕ್ಕೆ ಅವರು ಕೋಪಿಸಿಕೊಳ್ಳಲಿಲ್ಲ; ಬಹು ಮರ್ಯಾದೆಯಿಂದಲೇ, "ಅಮ್ಮಾ, ಸ್ವತಂತ್ರ ದೇಶದಲ್ಲಿದ್ದೇವೆ. ನನ್ನ ಮಗಳ ವಿಷಯ ನನ್ನ ಇಷ್ಟವಲ್ಲವೇ?" ಎಂದರು. ಆ ಹುಡುಗಿಯು ಬಾಗಿಲ ಹೊರಗೆ ಪುಸ್ತಕದ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳ ಅಭಿಪ್ರಾಯವನ್ನು ಅವರು ಕೇಳಲಿಲ್ಲ. ನಿಜವನ್ನು ಹೇಳುವುದಾದರೆ, ಆ ದಿನ ನಾವೂ ಕೇಳಲಿಲ್ಲ.

ಆ ಮಹನೀಯರು ಸಹಜವಾಗಿ ಆಡಿದ ಮಾತಿಗೆ ಪಾಶ್ಚಾತ್ಯ ದೇಶಗಳಲ್ಲಿ ದೊಡ್ಡದೊಂದು ಪಂಥದ ಬೆಂಬಲವೇ ಉಂಟು. ಲಿಬರ್ಟೇರಿಯನ್ನರೆಂದು ಕರೆಯಲ್ಪಡುವ ಇವರ ಹೆಸರಿನ ರಾಜಕೀಯ ಪಕ್ಷವೊಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1971ರಲ್ಲಿ ಸ್ಥಾಪಿತವಾಯಿತು. ಪ್ರತಿಯೊಬ್ಬನ ದೇಹವೂ ದುಡಿಮೆಯೂ ಮತವೂ ಮಾತೂ ಅವನವನದೇ. ಬಲಾತ್ಕಾರವನ್ನೂ ಮೋಸವನ್ನೂ ತಡೆಯುವುದರ ಹೊರತು ಸರ್ಕಾರಕ್ಕೆ ಹೆಚ್ಚಿನ ಕೆಲಸವಿರಕೂಡದು ಎಂಬುದು ಇವರ ವಾದದ ಸಾರ. ಇದನ್ನು ನಾವು ಹಗುರವಾಗಿ ಕಾಣತಕ್ಕವರಲ್ಲ. 1975ರಿಂದ 1977ರವರೆಗಿನ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರವು ಪತ್ರಿಕೆಗಳ ಬಾಯಿ ಕಟ್ಟಿದುದನ್ನೂ, ಎಷ್ಟೋ ಮಂದಿ ಬಡವರನ್ನು ಬಲವಂತದಿಂದ ಸಂತಾನಹರಣ ಚಿಕಿತ್ಸೆಗೆ ಗುರಿಮಾಡಿದುದನ್ನೂ ಹಿರಿಯರಿಂದ ಕೇಳಿ ಬೆಳೆದವರು ನಾವು. ಮನೆಯ ಹೊಸ್ತಿಲಲ್ಲಿಯೇ ಸರ್ಕಾರವು ನಿಲ್ಲಬೇಕೆನ್ನುವವರ ಭಯವು ಹುಸಿಯಲ್ಲ. ಆದರೆ ಹೊಸ್ತಿಲಿನ ಒಳಗಿರುವವರು ಒಬ್ಬರೇ ಅಲ್ಲವಷ್ಟೆ.

ಇಂಗ್ಲೆಂಡಿನ ಜಾನ್ ಸ್ಟುಅರ್ಟ್ ಮಿಲ್ ಮಹಾಶಯರು 1859ರಲ್ಲಿ 'ಆನ್ ಲಿಬರ್ಟಿ' ಎಂಬ ಗ್ರಂಥವನ್ನು ಪ್ರಕಟಿಸಿದರು. ಪರರಿಗೆ ಹಾನಿಯಾಗದಂತೆ ತಡೆಯುವುದಕ್ಕಲ್ಲದೆ ಯಾವ ವ್ಯಕ್ತಿಯ ಮೇಲೂ ಸಮಾಜವು ಬಲಪ್ರಯೋಗ ಮಾಡಕೂಡದೆಂಬ ಅವರ ಸೂತ್ರವನ್ನು ಸ್ವಾತಂತ್ರ್ಯವಾದಿಗಳು ಇಂದಿಗೂ ಉದಾಹರಿಸುತ್ತಾರೆ. ಅದೇ ಗ್ರಂಥದ ಕೊನೆಯ ಅಧ್ಯಾಯವನ್ನು ಅಷ್ಟು ಉತ್ಸಾಹದಿಂದ ಉದಾಹರಿಸುವುದನ್ನು ನಾವು ಕಂಡಿಲ್ಲ. ಅಲ್ಲಿ ಮಿಲ್ ಮಹಾಶಯರು, ಮಕ್ಕಳನ್ನು ತಂದೆಯ ಅಂಗವೆಂಬಂತೆ ಜನರು ಭಾವಿಸುತ್ತಿರುವುದನ್ನು ಖಂಡಿಸಿ, ಪ್ರತಿಯೊಂದು ಮಗುವಿಗೂ ವಿದ್ಯೆ ದೊರೆಯುವಂತೆ ಸರ್ಕಾರವು ಕಡ್ಡಾಯ ಮಾಡಬೇಕೆಂದು ವಾದಿಸುತ್ತಾರೆ. ಸರ್ಕಾರವೇ ಎಲ್ಲ ಶಾಲೆಗಳನ್ನೂ ನಡೆಯಿಸಿದರೆ ಜನರೆಲ್ಲರೂ ಒಂದೇ ಅಚ್ಚಿನಲ್ಲಿ ಎರೆದಂತಾಗುವರೆಂಬ ಅಂಜಿಕೆಯೂ ಅವರಿಗಿತ್ತು. ಖಾಸಗಿ ಆಡಳಿತದ ಶಾಲೆಯವರಾದ ನಮಗೆ ಈ ಎರಡನೆಯ ಮಾತು ಹಿತವಾಗಿರುವುದು ಸಹಜವೇ; ವಾಚಕರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಈ ವಾದವನ್ನು ಕಡೆಯವರೆಗೂ ಎಳೆದೊಯ್ದವರು ನ್ಯೂಯಾರ್ಕಿನ ಅರ್ಥಶಾಸ್ತ್ರಜ್ಞರಾಗಿದ್ದ ಮರ್ರೆ ರಾಥ್‌ಬಾರ್ಡರು. ಮಗುವನ್ನು ಹೊಡೆದು ಹಿಂಸಿಸಲು ತಂದೆತಾಯಿಗಳಿಗೆ ಹಕ್ಕಿಲ್ಲವೆಂದು ಒಪ್ಪುತ್ತಲೇ, ಅದಕ್ಕೆ ಅನ್ನವಿಕ್ಕಬೇಕೆಂದಾಗಲಿ ಓದಿಸಬೇಕೆಂದಾಗಲಿ ಕಾನೂನು ಅವರನ್ನು ಕಟ್ಟುಪಡಿಸಕೂಡದೆಂದು ಅವರು 1982ರಲ್ಲಿ ಬರೆದರು. ಮಗುವಿಗೆ ಸಹ ಮನೆಯನ್ನು ಬಿಟ್ಟುಹೋಗುವ ಸ್ವಾತಂತ್ರ್ಯವುಂಟಂತೆ! ಹತ್ತು ವರ್ಷದ ಹುಡುಗಿಯು ಎಲ್ಲಿಗೆ ಹೋದಾಳು? ಅಡಿಗೆಮನೆಯ ಕಡೆ ಒಮ್ಮೆಯಾದರೂ ನೋಡಿದ್ದವರು ಹೀಗೆ ಬರೆಯುತ್ತಿದ್ದರೋ ಇಲ್ಲವೋ ನಾವರಿಯೆವು.

ಇದಕ್ಕಿಂತ ಕಠಿಣವಾದ ಪ್ರಶ್ನೆಯೊಂದು ಅದೇ ದೇಶದ ವಿಸ್ಕಾನ್ಸಿನ್ ಪ್ರಾಂತ್ಯದಿಂದ ಅಲ್ಲಿಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ 16 ವರ್ಷದವರೆಗೆ ಮಕ್ಕಳನ್ನು ಶಾಲೆಗೆ ಕಳುಹಿಸಬೇಕೆಂಬ ಶಾಸನವಿತ್ತು. ಲೋಕದ ಆಡಂಬರವನ್ನು ತೊರೆದು ಹೊಲಗದ್ದೆಗಳಲ್ಲಿ ದುಡಿದು ಬದುಕುವ ಆಮಿಶ್ ಎಂಬ ಕ್ರೈಸ್ತ ಪಂಗಡದ ಮೂವರು ತಂದೆಗಳು, ಎಂಟನೆಯ ತರಗತಿಯಾದ ಬಳಿಕ ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸಲು ಒಪ್ಪಲಿಲ್ಲ. ಅವರಿಗೆ ತಲಾ 5 ಡಾಲರು ದಂಡ ವಿಧಿಸಲಾಯಿತು. 1972ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅವರ ಧರ್ಮಾಚರಣೆಯ ಸ್ವಾತಂತ್ರ್ಯವನ್ನು ಮನ್ನಿಸಿ, ತೀರ್ಪನ್ನು ತಂದೆಗಳ ಪರವಾಗಿಯೇ ಕೊಟ್ಟಿತು. ಆ ಜನರು ಪ್ರಾಮಾಣಿಕರು, ದೈವಭಕ್ತರು. ಅವರನ್ನು ಹೀನಾಯವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆದರೆ ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರು ಭಾಗಶಃ ಭಿನ್ನಮತವನ್ನು ಬರೆದರು. ಮೂವರು ಮಕ್ಕಳ ಪೈಕಿ ಒಬ್ಬ ಹುಡುಗಿ ಮಾತ್ರವೇ ಸಾಕ್ಷಿಹೇಳಿ, ತನ್ನ ನಂಬಿಕೆಯೂ ಅದೇ ಎಂದಿದ್ದಳು. ಉಳಿದಿಬ್ಬರ ಇಚ್ಛೆಯೇನೆಂದು ತಿಳಿಯದೆ ತಂದೆಗಳ ಸ್ವಾತಂತ್ರ್ಯವನ್ನಷ್ಟೇ ಎತ್ತಿಹಿಡಿದರೆ ಸಾಲದು, ಮಕ್ಕಳ ಮಾತನ್ನೂ ಕೇಳಬೇಕು, ಎಂಬುದು ಅವರ ಆಕ್ಷೇಪಣೆ. ನಮಗೆ ಸರಿಯೆಂದು ತೋರುವುದು ಇದೇ. ಸರ್ಕಾರ ದೊಡ್ಡದೋ ತಂದೆ ದೊಡ್ಡವನೋ ಎಂದು ವಾದಿಸುವವರು, ಮೂರನೆಯವಳೊಬ್ಬಳು ಬಾಗಿಲ ಹೊರಗೆ ನಿಂತಿರುವುದನ್ನು ಮರೆಯುತ್ತಾರೆ.

ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಶಾಸನದಿಂದ ಆಗಿರುವ ಉಪಕಾರವನ್ನು ನೆನೆಯದಿದ್ದರೆ ಕೃತಘ್ನರಾದೇವು. ಮೈಸೂರು ಸಂಸ್ಥಾನದಲ್ಲಿ 1894ರಲ್ಲಿಯೇ 8 ವರ್ಷಕ್ಕೆ ಒಳಪಟ್ಟ ಹುಡುಗಿಯರ ವಿವಾಹವನ್ನು ನಿಷೇಧಿಸಲಾಯಿತು. ಎಂಟು ವರ್ಷ! ಅಷ್ಟನ್ನು ತಡೆಯುವುದಕ್ಕೂ ಶಾಸನ ಬೇಕಾಯಿತು. 1929ರ ಶಾರದಾ ಶಾಸನವು ಹುಡುಗಿಯರಿಗೆ 14 ವರ್ಷವನ್ನು ಗೊತ್ತುಮಾಡಿತು. 1978ರಲ್ಲಿ ಅದು 18 ಆಯಿತು. ಪ್ರತಿಯೊಂದು ಮೆಟ್ಟಿಲಿನಲ್ಲಿಯೂ, ಮನೆಯ ವಿಷಯದಲ್ಲಿ ಸರ್ಕಾರವೇಕೆ ಕೈಹಾಕಬೇಕೆಂದು ಕೇಳಿದವರುಂಟು. ಈಗಿನ ಶಿಕ್ಷಣ ಹಕ್ಕಿನ ಶಾಸನವು 2010ರಿಂದ ಜಾರಿಯಲ್ಲಿದ್ದು, 6ರಿಂದ 14 ವರ್ಷದ ಮಕ್ಕಳಿಗೆ ಮಾತ್ರ ಅನ್ವಯಿಸುತ್ತದೆ. ಹದಿನಾಲ್ಕಕ್ಕೆ ಶಾಲೆಯ ಕಡ್ಡಾಯವು ಮುಗಿಯಿತು. ಹದಿನೆಂಟಕ್ಕೆ ಅವಳು ಪ್ರಾಪ್ತವಯಸ್ಕಳಾಗುವಳು. ನಡುವಣ ನಾಲ್ಕು ವರ್ಷಗಳಲ್ಲಿ ಅವಳ ಓದು ಯಾರ ಇಷ್ಟ? ಮೇಲೆ ಹೇಳಿದ ಹುಡುಗಿಯು ನಿಂತಿದ್ದುದು ಸರಿಯಾಗಿ ಆ ನಾಲ್ಕು ವರ್ಷಗಳ ಬಾಗಿಲಲ್ಲಿ. ಶಾಸನವನ್ನು 18 ವರ್ಷದವರೆಗೆ ವಿಸ್ತರಿಸಬೇಕೆಂಬುದೇ ನಮ್ಮ ಅಭಿಪ್ರಾಯ.

ಹೀಗೆ ಬರೆಯುವ ನಾವು ಪರಿಶುದ್ಧರೆಂದೇನೂ ಅಲ್ಲ. ನಮ್ಮ ವಿದ್ಯಾರ್ಥಿನಿಲಯದಲ್ಲಿ ಹುಡುಗಿಯರಿಗೆ ಬಂದ ಕಾಗದಗಳನ್ನು ಒಡೆದು ಓದಿಯೇ ಕೊಡುತ್ತಿದ್ದ ಪದ್ಧತಿಯನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ನಾವು ಈ ಹುದ್ದೆಗೆ ಬಂದ ಮೇಲೆಯೂ ಅದನ್ನು ಮೂರು ವರ್ಷ ನಡೆಯಿಸಿದೆವು. ಅವರ ಹಿತಕ್ಕಾಗಿಯೇ ಎಂದುಕೊಂಡಿದ್ದೆವು. ತಾಯಿ ತೀರಿಕೊಂಡ ಸುದ್ದಿಯಿದ್ದ ಕಾಗದವನ್ನು ಮಗಳಿಗಿಂತ ಮೊದಲು ನಾವು ಓದಿದ ದಿನ ಅದನ್ನು ನಿಲ್ಲಿಸಿದೆವು.

ಆ ತಂದೆಯವರನ್ನು ಮರುದಿನ ಮತ್ತೆ ಬರಮಾಡಿಕೊಂಡು, ಅವರ ಎದುರಿನಲ್ಲಿಯೇ ಹುಡುಗಿಯನ್ನು ಕೇಳಿದೆವು. ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಬೇಕೆಂದು ನೆಲವನ್ನು ನೋಡುತ್ತ ಹೇಳಿದಳು. ಅವರು ಬಹಳ ಹೊತ್ತು ಸುಮ್ಮನಿದ್ದು, ಯೋಚಿಸಿ ತಿಳಿಸುವೆವೆಂದು ಹೇಳಿ ಎದ್ದುಹೋದರು. ಅವರ ಮನೆಯ ಬಳಿಯಲ್ಲಿಯೇ ನಮ್ಮ ಹಳೆಯ ವಿದ್ಯಾರ್ಥಿನಿಯರು ಇಬ್ಬರು ಮೂವರು ಇರುವುದನ್ನು ಬಲ್ಲೆವು. ಅವರು ಒಂದು ಸಂಜೆ ಆ ಮನೆಗೆ ಹೋಗಿ ತಾಯಿಯೊಡನೆ ಮಾತನಾಡಿಬಂದರೆ ನಾವು ಬಹಳ ಕೃತಜ್ಞರಾಗಿರುವೆವು. ವರ್ಗಾವಣೆ ಪತ್ರವು ಸಹಿಯಾಗದೆ ನಮ್ಮ ಮೇಜಿನಲ್ಲಿಯೇ ಇದೆ.