ನರಿಯ ಹೆಜ್ಜೆ, ಏಡಿಯ ಬಿಲ

ಕಡಲಾಮೆ ರಾತ್ರಿ ದಡಕ್ಕೆ ಬಂದು, ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹೊರಟರೆ ಆ ಗೂಡಿನ ಕಡೆ ಮತ್ತೆ ತಿರುಗಿ ನೋಡುವುದಿಲ್ಲ. ಮುಂದಿನ ಸುಮಾರು ಎರಡು ತಿಂಗಳು ಮೊಟ್ಟೆಗಳಿಗೆ ಮರಳೇ ದಿಕ್ಕು. ಅವನ್ನು ಅಗೆದು ತಿನ್ನಲು ಬರುವ ಪ್ರಾಣಿಯನ್ನು ಮನುಷ್ಯ ತಡೆಯಬೇಕೇ? ತಡೆಯುವುದಾದರೆ ಯಾವುದನ್ನು?

ಪಶ್ಚಿಮ ಆಸ್ಟ್ರೇಲಿಯಾದ ನಿಂಗಲೂ ಕರಾವಳಿಯ ಸ್ವಯಂಸೇವಕರು ಇದಕ್ಕಾಗಿಯೇ ನಸುಕಿನಲ್ಲಿ ನಡೆಯುತ್ತಾರೆ. ಗಾಳಿ ಅಳಿಸುವ ಮೊದಲು ಮರಳನ್ನು ಓದಿ ಮುಗಿಸಬೇಕು. ಬಂದದ್ದು ಹಸಿರಾಮೆಯೋ ಲಾಗರ್‌ಹೆಡ್ಡೋ, ಮೊಟ್ಟೆಯಿಟ್ಟಿತೋ ಬರಿದೇ ಮರಳಿತೋ, ಗೂಡನ್ನು ಯಾರಾದರೂ ಕೆದಕಿದ್ದಾರೋ, ಕೆದಕಿದ್ದು ನರಿಯೋ ಏಡಿಯೋ, ಎಲ್ಲವೂ ದಾಖಲೆಗೆ ಹೋಗುತ್ತದೆ.

ಅಲ್ಲಿನ ಕೆಂಪು ನರಿ ಆ ನೆಲದ್ದಲ್ಲ. 19ನೇ ಶತಮಾನದಲ್ಲಿ ಬೇಟೆಯ ಮೋಜಿಗೆಂದು ಯುರೋಪಿನಿಂದ ತಂದು ಬಿಟ್ಟದ್ದು. ಅದಕ್ಕೆ ‘1080’ ಎಂಬ ವಿಷ ಸವರಿದ ಆಹಾರ ಇಡುತ್ತಾರೆ. ಆ ಪ್ರದೇಶದ ಕೆಲವು ಕಾಡುಗಿಡಗಳಲ್ಲೇ ಈ ವಿಷವಿರುವುದರಿಂದ ಅಲ್ಲಿನ ಮೂಲ ಪ್ರಾಣಿಗಳು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ನರಿ ತಾಳದು. ಮನಸ್ಸಿಗೆ ಹಿತವಾದ ಕೆಲಸವಲ್ಲ, ಆದರೂ ಒಪ್ಪಬೇಕಾದದ್ದು. ಮನುಷ್ಯ ತಂದಿಟ್ಟ ಗಂಡಾಂತರವನ್ನು ಮನುಷ್ಯನೇ ಇಳಿಸಬೇಕಲ್ಲ.

ಹಾಗೆಂದು ಮೊಟ್ಟೆ ತಿಂದವರೆಲ್ಲ ವೈರಿಗಳೇ?

ಅಮೆರಿಕದ ಫ್ಲೋರಿಡಾದಲ್ಲಿ ರಕೂನ್ ಎಂಬ ಪ್ರಾಣಿ ಹೆಸರಾಂತ ಮೊಟ್ಟೆಗಳ್ಳ. ದಡದ ಏಡಿಯೂ ಅದರ ಆಹಾರ, ಆ ಏಡಿಗೋ ಆಮೆಯ ಮೊಟ್ಟೆಯೆಂದರೆ ಹಬ್ಬ. ರಕೂನ್ ಹಿಡಿದು ತೆಗೆದ ದಡದಲ್ಲಿ ಏಡಿಗಳು ಹೆಚ್ಚಿ, ಮೊಟ್ಟೆಯ ನಷ್ಟವೂ ಹೆಚ್ಚಿದ್ದನ್ನು 2008ರ ಅಧ್ಯಯನವೊಂದು ತೋರಿಸಿತು. ಒಬ್ಬ ಕಳ್ಳನನ್ನು ಓಡಿಸಿದವರು, ಅವನು ಹದ್ದುಬಸ್ತಿನಲ್ಲಿಟ್ಟಿದ್ದ ಇನ್ನೊಬ್ಬನಿಗೆ ಬಾಗಿಲು ತೆರೆದಂತಾಯಿತು. ಪ್ರಾಣಿ ಹಿಡಿಯುವ ಉತ್ಸಾಹಿಗಳಿಗಿಂತ ಬೇಸರವಿಲ್ಲದೆ ಹೆಜ್ಜೆ ಎಣಿಸುವವರು ಹೆಚ್ಚು ಬೇಕಾಗುವುದು ಇಲ್ಲಿಯೇ. ಏನು ತಿಂದಿತು, ಎಷ್ಟು ತಿಂದಿತು ಎಂಬ ವರ್ಷಗಳ ಲೆಕ್ಕವಿಲ್ಲದೆ ಇಟ್ಟ ಬೋನು ಕತ್ತಲಲ್ಲಿ ಎಸೆದ ಕಲ್ಲು.

ಕರ್ನಾಟಕದ ದಡಗಳಿಗೆ ಚಳಿಗಾಲದಲ್ಲಿ ಬರುವುದು ಆಲಿವ್ ರಿಡ್ಲೆ ಆಮೆ. ಹೊನ್ನಾವರ, ಕುಂದಾಪುರದ ಕಡೆ ಗೂಡು ಕಂಡ ಮೀನುಗಾರರು ಸುದ್ದಿ ಮುಟ್ಟಿಸುತ್ತಾರೆ, ಅರಣ್ಯ ಇಲಾಖೆ ಸುತ್ತ ಬಲೆಯ ಬೇಲಿ ಕಟ್ಟುತ್ತದೆ. ಇಲ್ಲಿ ದೊಡ್ಡ ಭಯ ಬೀದಿನಾಯಿಯದು, ಅದನ್ನು ದಡಕ್ಕೆ ಕರೆಯುವುದು ಅಲ್ಲಿ ಬಿದ್ದ ಎಂಜಲು. ಬೇಲಿ ಕಾಯುವುದು ಕಣ್ಣಿಗೆ ಬಿದ್ದ ಗೂಡನ್ನು ಮಾತ್ರ. ಚಳಿಗಾಲದಲ್ಲಿ ಆ ಕಡೆ ಹೋಗುವವರು ತಿಂದುಳಿದ ಪೊಟ್ಟಣವನ್ನು ಮರಳಲ್ಲಿ ಹೂಳದೆ ಕಾರಿನಲ್ಲೇ ವಾಪಸು ತನ್ನಿ.