ನಾಜಲ್ ಲೆಕ್ಕ: ದರಪಟ್ಟಿಗೆ ಮೊದಲೇ ಆಗಬೇಕಾದ ಕೆಲಸ

ಒತ್ತಡ ಪಾತ್ರೆಗಳನ್ನೂ ಸಂಗ್ರಹಣಾ ಟ್ಯಾಂಕುಗಳನ್ನೂ ತಯಾರಿಸುವ ಸಣ್ಣ ಘಟಕಗಳು ಸಾಮಾನ್ಯವಾಗಿ ಶೆಲ್ಲಿನ ದಪ್ಪ, ಉಕ್ಕಿನ ತೂಕ ಹಾಗೂ ಬೆಸುಗೆಯ ಉದ್ದವನ್ನು ಆಧರಿಸಿ ದರ ನಮೂದಿಸುತ್ತವೆ. ಪೈಪು ಬಂದು ಕೂಡುವ ನಾಜಲ್ ಈ ಲೆಕ್ಕದಲ್ಲಿ ಕೇವಲ ಒಂದು ಬಿಡಿಭಾಗ. ಆದರೆ ಒಪ್ಪಿಗೆಯಾದ ನಕ್ಷೆಯನ್ನು ಮತ್ತೆ ತಿದ್ದಿಸುವ, ಲಾಭಾಂಶವನ್ನು ಕರಗಿಸುವ ಪ್ರಶ್ನೆ ಅನೇಕ ವೇಳೆ ಏಳುವುದು ಅಲ್ಲಿಯೇ.

ಶೆಲ್ಲಿನಲ್ಲಿ ರಂಧ್ರ ಮಾಡಿದಾಗ ಕಳೆದ ಲೋಹಕ್ಕೆ ಬದಲಾಗಿ ಅದರ ಸುತ್ತ ಸಾಕಷ್ಟು ಲೋಹವಿರಬೇಕೆಂಬ ಪರಿಚಿತ ನಿಯಮವು ಪಾತ್ರೆಯ ಒತ್ತಡವನ್ನಷ್ಟೇ ಗಮನಿಸುತ್ತದೆ. ಪೈಪು ಕಾದು ಹಿಗ್ಗಿದಾಗ ನಾಜಲನ್ನು ತಳ್ಳುತ್ತದೆ, ತಿರುಚುತ್ತದೆ, ಬಾಗಿಸುತ್ತದೆ. ಈ ಬಲಗಳನ್ನೂ ವಿನ್ಯಾಸದಲ್ಲಿ ಪರಿಗಣಿಸಬೇಕೆಂಬುದು ಎಎಸ್‌ಎಂಇ ಸಂಹಿತೆಯ ನಿಬಂಧನೆ. ದೊಡ್ಡ ತೈಲ ಟ್ಯಾಂಕುಗಳಲ್ಲಿ ಇನ್ನೊಂದು ತೊಡಕಿದೆ. ದ್ರವ ತುಂಬಿದಾಗ ಗೋಡೆ ಉಬ್ಬಿ, ಕೆಳಭಾಗದ ನಾಜಲ್ ಹೊರಕ್ಕೆ ಸರಿದು ಓರೆಯಾಗುತ್ತದೆ. ಪೈಪು ಅದನ್ನು ತಡೆಯುತ್ತದೆ. ಎಪಿಐ 650 ಮಾನಕದ 'ಪಿ' ಅನುಬಂಧ ಈ ಸಮಸ್ಯೆಗೆ ಸಂಬಂಧಿಸಿದ್ದು.

ಅಮೆರಿಕದ ವೆಲ್ಡಿಂಗ್ ರಿಸರ್ಚ್ ಕೌನ್ಸಿಲ್ 1965ರಲ್ಲಿ ಪ್ರಕಟಿಸಿದ 107ನೆಯ ಬುಲೆಟಿನ್ ಇಂತಹ ಸ್ಥಳೀಯ ಸ್ಟ್ರೆಸ್‌ಗಳ ಲೆಕ್ಕಕ್ಕೆ ಆಧಾರವಾಯಿತು. 1984ರಲ್ಲಿ 297ನೆಯ ಬುಲೆಟಿನ್ ಬಂದಿತು. 2010ರ 537ನೆಯದು ಹಳೆಯ ರೇಖಾಚಿತ್ರಗಳನ್ನು ಸಮೀಕರಣಗಳ ರೂಪಕ್ಕೆ ತಂದಿತು. ಒಂದು ಕಾಲಕ್ಕೆ ರೇಖಾಚಿತ್ರ ನೋಡಿ ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಪಿವಿ ಎಲೈಟ್‌ನಂತಹ ತಂತ್ರಾಂಶಗಳು ಇಂದು ನಿಮಿಷಗಳಲ್ಲಿ ಮಾಡುತ್ತವೆ. ಫೈನೈಟ್ ಎಲಿಮೆಂಟ್ ವಿಧಾನದ ನಾಜಲ್‌ಪ್ರೊನಂತಹವು ಇನ್ನೂ ಆಳಕ್ಕೆ ಹೋಗುತ್ತವೆ.

ಆದರೆ ತಂತ್ರಾಂಶ ಕೊಂಡ ಮಾತ್ರಕ್ಕೆ ಕ್ಷೇಮ ಕೊಂಡಂತಾಗದು. 107ನೆಯ ಬುಲೆಟಿನ್ನಿನ ವಿಧಾನ ಶೆಲ್ಲಿನ ಸ್ಟ್ರೆಸ್ ತಿಳಿಸುತ್ತದೆಯೇ ಹೊರತು ನಾಜಲ್ ಗೋಡೆಯದನ್ನಲ್ಲ. 297ನೆಯದು ಎರಡನ್ನೂ ತಿಳಿಸಿದರೂ, ನಾಜಲಿನ ವ್ಯಾಸ ಶೆಲ್ಲಿನ ವ್ಯಾಸದ ಅರ್ಧವನ್ನು ಮೀರಿದರೆ ಅನ್ವಯಿಸದು. "ಪ್ಯಾಡ್ ದಪ್ಪ ಮಾಡಿದರಾಯಿತು" ಎಂಬ ರೂಢಿಯ ಪರಿಹಾರವೂ ಪೂರ್ಣವಲ್ಲ. ಪ್ಯಾಡಿನ ಅಂಚಿನಲ್ಲಿ ಶೆಲ್ಲನ್ನು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ. ಮಿತಿಗಳನ್ನು ಅರಿಯದವನ ಕೈಯಲ್ಲಿ ಗಣಕಯಂತ್ರದ ಅಚ್ಚುಕಟ್ಟಾದ ವರದಿ ಸುಳ್ಳು ಧೈರ್ಯವನ್ನೇ ನೀಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಊಡಿಸುವ ಮಾಹಿತಿ. ಪೈಪಿನಿಂದ ಬರುವ ಬಲಗಳೆಷ್ಟೆಂದು ಖರೀದಿದಾರ ತಿಳಿಸದಿದ್ದರೆ ಯಾವ ತಂತ್ರಾಂಶವೂ ಉತ್ತರ ಕೊಡಲಾರದು. ಖರೀದಿ ಆದೇಶದ ಹೊತ್ತಿಗೆ ಪೈಪಿನ ವಿನ್ಯಾಸ ಸಿದ್ಧವಾಗಿಲ್ಲವೆಂಬುದು ಸಾಮಾನ್ಯ ಸಬೂಬು. ತಗಡು ಖರೀದಿಸಿ, ಬಾಗಿಸಿ, ಬೆಸುಗೆ ಹಾಕಿದ ಮೇಲೆ ಬಲಗಳ ಪಟ್ಟಿ ಬಂದರೆ ದಂಡ ತೆರುವವನು ತಯಾರಕ. ಇದಕ್ಕೆ ಉಪಾಯವಿದೆ. ತಯಾರಕನೇ ತನ್ನ ನಾಜಲ್ ತಾಳಬಲ್ಲ ಗರಿಷ್ಠ ಬಲಗಳನ್ನು ಲೆಕ್ಕಹಾಕಿ ದರಪಟ್ಟಿಯಲ್ಲಿ ನಮೂದಿಸಬೇಕು. ಅದನ್ನು ಮೀರಿದರೆ ಹೆಚ್ಚುವರಿ ವೆಚ್ಚ ಖರೀದಿದಾರನದೆಂಬ ಷರತ್ತನ್ನೂ ಸೇರಿಸಬೇಕು. ಆಗ ವ್ಯಾಪಾರದ ಅಪಾಯ ಎರಡೂ ಕಡೆಗೆ ನ್ಯಾಯವಾಗಿ ಹಂಚಿಕೆಯಾಗುತ್ತದೆ.

ವರ್ಷಕ್ಕೆ ಕೆಲವೇ ಪಾತ್ರೆಗಳನ್ನು ತಯಾರಿಸುವ ಘಟಕಕ್ಕೆ ತಂತ್ರಾಂಶದ ಪರವಾನಗಿ ಭಾರವೇ ಸರಿ. ಆದರೆ ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಘಟಕಗಳು ಒಟ್ಟುಗೂಡಿ ವಿನ್ಯಾಸ ಸೇವಾ ಕೇಂದ್ರವೊಂದನ್ನು ನಡೆಸುವುದು ಅಸಾಧ್ಯವಲ್ಲ. ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವು ನೀಡುವುದು ಕೇಂದ್ರ ಸರ್ಕಾರದ ಕಿರು ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದ ಉದ್ದೇಶಗಳಲ್ಲೊಂದು. ಅಂತಹ ಕೇಂದ್ರಕ್ಕೆ ಗಣಕಯಂತ್ರಕ್ಕಿಂತ ಮೊದಲು ಬೇಕಾದವನು ಫಲಿತಾಂಶವನ್ನು ಪ್ರಶ್ನಿಸಬಲ್ಲ ಅನುಭವಿ ಇಂಜಿನಿಯರ್.

ದೊಡ್ಡ ಗಿರಾಕಿ ನಾಜಲಿನ ಲೆಕ್ಕ ಕೇಳುವ ತನಕ ಕಾಯುವ ತಯಾರಕ ಸದಾ ಅನ್ಯರ ನಕ್ಷೆಗೆ ಕೂಲಿ ಮಾಡುವವನಾಗಿ ಉಳಿಯುತ್ತಾನೆ. ಲೆಕ್ಕವನ್ನು ಮೊದಲೇ ಮುಂದಿಡಬಲ್ಲವನು ದರದ ಜೊತೆಗೆ ಷರತ್ತುಗಳನ್ನೂ ಸಮನಾಗಿ ಕುಳಿತು ಮಾತಾಡಬಲ್ಲ.